ಪಾಯ ತೋಡುವ ಮೊದಲು ಹಗೇವು ಕೇಳಿ

ಮನೆ ಕಟ್ಟುವ ಮುಂಚೆ ನಾವು ವಾಸ್ತು ಕೇಳುತ್ತೇವೆ, ನೀರು ಎಲ್ಲಿದೆ ಎಂದು ನೋಡುತ್ತೇವೆ. ಉತ್ತರ ಕರ್ನಾಟಕದ ನಮ್ಮ ಹಳೆಯ ಊರುಗಳಲ್ಲಿ ಇನ್ನೊಂದು ಮಾತು ಕೇಳಬೇಕು: ಇಲ್ಲಿ ಹಗೇವು ಇತ್ತಾ?

ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಒಳಗೆ ಗುಡಾಣದಂತೆ ಅಗಲ. ನೀರು ನಿಲ್ಲದ ಗಟ್ಟಿ ನೆಲ ನೋಡಿ ಮನೆ ಮುಂದೆ, ಓಣಿಯಲ್ಲಿ ತೋಡುತ್ತಿದ್ದರು. ಸುತ್ತ ಒಣಹುಲ್ಲು ಕೊಟ್ಟು, ಜೋಳ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರ ಬಂದಾಗ ಊಟಕ್ಕಾಗುತ್ತಿದ್ದುದು ಈ ಜೋಳವೇ.

ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ. ಹುಳು ಸಾಯುತ್ತದೆ, ಅವಸರಕ್ಕೆ ಇಳಿದ ಮನುಷ್ಯನೂ ಸಾಯುತ್ತಾನೆ. ಅದಕ್ಕೇ ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು.

1965ರಲ್ಲಿ ಭಾರತೀಯ ಆಹಾರ ನಿಗಮ ಶುರುವಾಯಿತು. ಗೋದಾಮು, ರೇಷನ್ ಅಂಗಡಿ, ಗೋಣಿಚೀಲಗಳ ಕಾಲದಲ್ಲಿ ಹಗೇವು ಬೇಡವಾದವು. ಕೆಲವನ್ನು ಕಸ, ಬೂದಿ, ಸಡಿಲ ಮಣ್ಣಿನಿಂದ ತುಂಬಿದರು. ಕೆಲವಕ್ಕೆ ಬರೀ ಚಪ್ಪಡಿ ಎಳೆದರು. ಗುರುತು ಅಳಿಸಿಹೋಯಿತು.

ಅಂಥ ಜಾಗದ ಮೇಲೆ ಪಾಯ ಬಿದ್ದರೆ ಒಂದು ಕಡೆ ನೆಲ ಕುಸಿದು ಗೋಡೆ ಸೀಳುತ್ತದೆ. ಜೆಸಿಬಿಯ ಗಾಲಿಯೂ ಹೂಳಬಹುದು. ಆದ್ದರಿಂದ ಗುದ್ದಲಿ ಪೂಜೆಗೆ ಮೊದಲು ಓಣಿಯ ಅಜ್ಜ-ಅಜ್ಜಿಯರನ್ನು ಕರೆದು ಜಾಗ ತೋರಿಸಿ. ಹಗೇವು ಸಿಕ್ಕರೆ ಯಾರೂ ಒಳಗೆ ಇಳಿಯುವುದು ಬೇಡ. ಸಡಿಲ ಮಣ್ಣನ್ನು ಯಂತ್ರದಿಂದಲೇ ಪೂರ್ತಿ ತೆಗೆಸಿ. ಗರಸು ಪದರ ಪದರವಾಗಿ ಹಾಕಿ, ನೀರು ಹೊಡೆದು, ದಮ್ಮಸು ಮಾಡಿಸಿ. ಎಂಜಿನಿಯರ್ ಬಂದು ನೋಡಿ ಒಪ್ಪಿದ ಮೇಲೆಯೇ ಪಾಯದ ಕಲ್ಲು ಇಡಿ.