ಕಾವಲಿನಿಂದ ಕಲಿಕೆಗೆ: ಮರ್ಫಿ ಟೌನಿನ ನೆರೆಯ ಒಂದು ಚಿಕಿತ್ಸಾ ಚರಿತ್ರೆ

ಹಲಸೂರಿಗೂ ಇಂದಿರಾನಗರಕ್ಕೂ ನಡುವಿನ ಮರ್ಫಿ ಟೌನ್ ಹಿಂದೆ ನಾಕ್ಸ್‌ಪೇಟೆ ಎನಿಸಿಕೊಂಡಿದ್ದ, ದಂಡು ಪ್ರದೇಶದ ದುಡಿಯುವ ಜನರ ವಸತಿಯಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹೊಸದಾಗಿ ರೂಪುಗೊಂಡು ಇಂಜಿನಿಯರ್ ಮರ್ಫಿಯವರ ಹೆಸರನ್ನು ಪಡೆಯಿತು. ಇಂಥ ವಸತಿಗಳ ಮನೆಗಳಲ್ಲಿ ತಡೆಯಲಾರದ ಸಿಟ್ಟು, ಜೀವವೇ ಬೇಡವೆನಿಸುವ ಸಂಕಟ ಎದ್ದಾಗ ಜನರು ದೇವಸ್ಥಾನ, ದರ್ಗಾ, ಚರ್ಚುಗಳ ಮೊರೆ ಹೋಗುತ್ತಿದ್ದರು, ಇಂದಿಗೂ ಹೋಗುತ್ತಾರೆ. ಸರ್ಕಾರ ಒದಗಿಸಿದ್ದ ಇನ್ನೊಂದು ದಾರಿ ಬಹುಕಾಲ ಮನೋರೋಗಾಸ್ಪತ್ರೆಯೊಂದೇ ಆಗಿತ್ತು, ಅದೂ ಯಾರೂ ಇಚ್ಛೆಪಟ್ಟು ಹಿಡಿಯುವ ದಾರಿಯಾಗಿರಲಿಲ್ಲ.

ಮೈಸೂರು ಸೀಮೆಯು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, 1847ರಲ್ಲಿ, ವೈದ್ಯ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರು ಬೆಂಗಳೂರಿನಲ್ಲಿ ಆರಂಭಿಸಿದ, ಜನರ ಬಾಯಲ್ಲಿ ಹುಚ್ಚಾಸ್ಪತ್ರೆಯಾದ ಆ ಸಂಸ್ಥೆ ಮುಖ್ಯವಾಗಿ ಕಾವಲಿನ ತಾಣವಾಗಿತ್ತು. 1912ರ ಭಾರತೀಯ ಕಾಯ್ದೆಯೂ ಮನೋರೋಗಿಯನ್ನು ಯಾವಾಗ ಒಳಗಿಡಬೇಕು, ಯಾವಾಗ ಹೊರಬಿಡಬೇಕು ಎಂಬುದನ್ನೇ ಹೆಚ್ಚಾಗಿ ಚಿಂತಿಸಿತು. 1925ರಲ್ಲಿ ಬೆಂಗಳೂರಿನ ಸಂಸ್ಥೆಗೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತಾದರೂ, ಮಿತಿಮೀರಿದ ಭಾವಾವೇಗದಿಂದ ಬಳಲುತ್ತಿದ್ದರೂ ಬುದ್ಧಿಭ್ರಮಣೆಯಾಗದಿದ್ದ ವ್ಯಕ್ತಿಗೆ ಅಲ್ಲಿ ಹೇಳಿಕೊಡುವಂಥದ್ದು ಹೆಚ್ಚೇನೂ ಇರಲಿಲ್ಲ.

ತಿರುವು ಬಂದದ್ದು 1954ರಲ್ಲಿ, ಆ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಸ್ಥಾಪನೆಯಾದಾಗ. ಮನೋವೈದ್ಯರೊಡನೆ ಚಿಕಿತ್ಸಾ ಮನೋವಿಜ್ಞಾನಿಗಳನ್ನು, ಅಂದರೆ ಔಷಧಕ್ಕಿಂತ ಮಾತು, ಪರೀಕ್ಷೆ ಮತ್ತು ಅಭ್ಯಾಸಗಳ ಮೂಲಕ ಉಪಚರಿಸುವವರನ್ನು, ತರಬೇತುಗೊಳಿಸುವ ಕೆಲಸ ಅಲ್ಲಿ ಮೊದಲಾಯಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆದ ಮೇಲೆ, ಆನೇಕಲ್ ಕಡೆಯ ಸಕಲವಾರದಲ್ಲಿ ಗ್ರಾಮೀಣ ಪ್ರಯೋಗ ನಡೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ದೊರೆಯಿತು. ತಜ್ಞನ ಕೈಯಲ್ಲಷ್ಟೇ ಇದ್ದ ವಿದ್ಯೆಯನ್ನು ಬಿಡಿಸಿ, ಸರಳಗೊಳಿಸಿ, ಇತರರಿಗೆ ಕಲಿಸಬಹುದೆಂದು ತೋರಿಸಿದ ಈ ಬಳ್ಳಾರಿ ಮಾದರಿಯು ಮುಂದೆ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಕರ್ನಾಟಕದ ವೈದ್ಯ ಚರಿತ್ರೆಯಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಸುಮಾರು ಅದೇ ಕಾಲದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಮನೋವಿಜ್ಞಾನಿ ಮಾರ್ಷಾ ಲೈನ್‌ಹ್ಯಾನ್ ಅವರು, ಪದೇಪದೇ ಆತ್ಮಹತ್ಯೆಗೆ ಯತ್ನಿಸುತ್ತಿದ್ದ ಮಹಿಳೆಯರೊಡನೆ ಕೆಲಸ ಮಾಡುತ್ತ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಕೌಶಲಾಧಾರಿತ ಚಿಕಿತ್ಸೆಯನ್ನು ರೂಪಿಸುತ್ತಿದ್ದರು. ಹುಟ್ಟಿನಿಂದಲೇ ತೀವ್ರವಾಗಿ ಸ್ಪಂದಿಸುವ ಮನಸ್ಸು, ಅದರ ನೋವನ್ನು ಸದಾ ತಳ್ಳಿಹಾಕುವ ಪರಿಸರ, ಇವೆರಡೂ ಕೂಡಿದಾಗ ಭಾವನೆಯನ್ನು ಹಿಡಿತದಲ್ಲಿಡುವ ವಿದ್ಯೆಯನ್ನು ವ್ಯಕ್ತಿ ಕಲಿಯದೇ ಉಳಿಯುತ್ತಾನೆ ಎಂಬುದು ಅವರ ವಾದ. ಕಲಿಯದೇ ಉಳಿದದ್ದನ್ನು ಕಲಿಸಬಹುದು ಎಂಬುದು ಅದರಿಂದ ಹೊರಟ ನಿಲುವು. ಇದ್ದುದನ್ನು ಇದ್ದಂತೆ ಒಪ್ಪುವುದು, ಬದಲಾಗಲು ದುಡಿಯುವುದು ಎಂಬ ಎರಡು ವಿರುದ್ಧ ನೆಲೆಗಳನ್ನು ಒಟ್ಟಿಗೆ ಹಿಡಿಯುವುದರಿಂದಲೇ ಇದು ದ್ವಂದ್ವಾತ್ಮಕ ಚಿಕಿತ್ಸೆ. 1991ರಲ್ಲಿ ಅದರ ಮೊದಲ ಪ್ರಯೋಗದ ಫಲಿತಾಂಶ, 1993ರಲ್ಲಿ ಕೈಪಿಡಿ ಪ್ರಕಟವಾದವು. ತಾವೂ ಹದಿಹರೆಯದಲ್ಲಿ ಮನೋರೋಗಾಸ್ಪತ್ರೆಯಲ್ಲಿದ್ದುದನ್ನು ಲೈನ್‌ಹ್ಯಾನ್ 2011ರಲ್ಲಿ ಬಹಿರಂಗಪಡಿಸಿದರು.

ಈ ಚಿಕಿತ್ಸೆಯ ತರಗತಿಗಳಲ್ಲಿ ಕಲಿಸುವುದು ನಾಲ್ಕು ಬಗೆಯ ಕೌಶಲಗಳನ್ನು. ಈ ಕ್ಷಣವನ್ನು ತೀರ್ಪುಕೊಡದೆ ಗಮನಿಸುವ ಸಾವಧಾನವನ್ನು ಲೈನ್‌ಹ್ಯಾನ್ ಝೆನ್ ಅಭ್ಯಾಸದಿಂದ ಪಡೆದರು. ಅದರ ಬೇರು ಬೌದ್ಧ ಸಂಪ್ರದಾಯದಲ್ಲಿರುವುದರಿಂದ, ಭಾರತಕ್ಕೆ ಅದು ಸುತ್ತು ಹಾಕಿ ಮರಳಿದಂತಾಯಿತು. ಸಂಕಟ ಸಹಿಷ್ಣುತೆಯೆಂದರೆ ಬಿಕ್ಕಟ್ಟಿನ ಗಳಿಗೆಯನ್ನು ಇನ್ನಷ್ಟು ಕೆಡಿಸದೆ ದಾಟುವುದು: ಮುಖವನ್ನು ತಣ್ಣೀರಿನಲ್ಲಿ ಅದ್ದಿದರೆ ಎದೆಬಡಿತ ನಿಧಾನವಾಗುವುದೆಂಬ ಶರೀರಧರ್ಮವನ್ನು ಅಲ್ಲಿ ಬಳಸಲಾಗುತ್ತದೆ, ಹೃದ್ರೋಗಿಗಳು ಮಾತ್ರ ವೈದ್ಯರನ್ನು ಕೇಳಿಯೇ ಇದನ್ನು ಮಾಡಬೇಕು. ಭಾವ ನಿರ್ವಹಣೆಯಲ್ಲಿ, ಅಕಾರಣ ಭಯ ಓಡೆಂದಾಗ ನಿಲ್ಲುವ, ಅನುಚಿತ ಸಿಟ್ಟು ಎರಗೆಂದಾಗ ಮೆಲ್ಲಗೆ ಸರಿದು ನಿಲ್ಲುವ ವಿರುದ್ಧ ಕ್ರಿಯೆಯ ಅಭ್ಯಾಸವಿದೆ. ಉಳಿದದ್ದು, ಸಂಬಂಧವನ್ನೂ ಸ್ವಾಭಿಮಾನವನ್ನೂ ಕಳೆದುಕೊಳ್ಳದೆ ಬೇಕಾದುದನ್ನು ಕೇಳುವ, ಬೇಡವಾದುದಕ್ಕೆ ಇಲ್ಲವೆನ್ನುವ ಬಗೆ.

ಬೆಂಗಳೂರಿನಲ್ಲಿ ಇಂಥ ಬೋಧನೆಗೆ ನೆಲ ಹದವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹೇಳಿದ ಹತ್ತು ಜೀವನ ಕೌಶಲಗಳಲ್ಲಿ ಭಾವನೆಗಳ ನಿಭಾವಣೆಯೂ ಒಂದು. ಅವುಗಳನ್ನು ಶಾಲಾ ಶಿಕ್ಷಕರ ಮೂಲಕವೇ ಮಕ್ಕಳಿಗೆ ತಲುಪಿಸುವ ಕ್ರಮವನ್ನು ನಿಮ್ಹಾನ್ಸ್ ರೂಪಿಸಿತು. ಆದರೆ ಪೂರ್ಣ ಡಿಬಿಟಿ ದುಬಾರಿ: ವಾರಕ್ಕೊಮ್ಮೆ ವೈಯಕ್ತಿಕ ಭೇಟಿ, ಎರಡು ಗಂಟೆ ಮೀರುವ ಗುಂಪು ತರಗತಿ, ನಡುವೆ ದೂರವಾಣಿ ನೆರವು, ಹೀಗೆ ಸಾಮಾನ್ಯವಾಗಿ ಒಂದು ವರ್ಷ. ದಿನಗೂಲಿಯ ಮನೆಗೆ ಇದರಲ್ಲಿ ಹಣಕ್ಕಿಂತ ಕಳೆದುಹೋಗುವ ಸಮಯವೇ ದೊಡ್ಡ ವೆಚ್ಚ. ಮೇಲಾಗಿ ಕೈಪಿಡಿಗಳ ಇಂಗ್ಲಿಷು ತಮಿಳು, ಕನ್ನಡ, ಉರ್ದು ಬೆರೆತ ಬೀದಿಗೆ ಒಗ್ಗುವುದಿಲ್ಲ. ಕೌಶಲಗಳನ್ನಾದರೂ ಬೇರ್ಪಡಿಸಿ, ಬಳ್ಳಾರಿಯ ಕ್ರಮದಲ್ಲಿ ವಸತಿಯ ಆರೋಗ್ಯ ಕಾರ್ಯಕರ್ತರಿಗೆ ಕಲಿಸುವುದು ಈ ರಾಜ್ಯಕ್ಕೆ ಅಸಾಧ್ಯವೂ ಅಲ್ಲ, ಅಪರಿಚಿತವೂ ಅಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. ಮರ್ಫಿ ಟೌನಿನವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು 1868ರಲ್ಲಿ ತೆರೆದ, ಶಿವಾಜಿನಗರದ ಬೌರಿಂಗ್. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡ, ತಮಿಳು ಸೇರಿ ಹಲವು ಭಾಷೆಗಳಲ್ಲಿ ದೊರೆಯುತ್ತದೆ.