ದೊಡ್ಡಕರುಳಿನ ಕ್ಯಾನ್ಸರ್: ಗೆಡ್ಡೆ ಮತ್ತು ರೋಗನಿರೋಧಕ ಕೋಶಗಳ ನಡುವಿನ ಸಂಕೇತಗಳು

(ಮೇಗುಂದ ಹೋಬಳಿ ಹಾಗೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ರೋಗದ ಲಕ್ಷಣಗಳು

ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ಬಹುಪಾಲು ಒಳಪದರದ ಸಣ್ಣ ಪಾಲಿಪ್‌ಗಳಿಂದ ಆರಂಭವಾಗಿ ಹಲವು ವರ್ಷಗಳಲ್ಲಿ ಬೆಳೆಯುತ್ತದೆ. ಮಲದಲ್ಲಿ ರಕ್ತ, ಮಲವಿಸರ್ಜನೆಯ ಕ್ರಮದಲ್ಲಿ ಬದಲಾವಣೆ, ರಕ್ತಹೀನತೆ ಹಾಗೂ ಕಾರಣವಿಲ್ಲದೆ ತೂಕ ಇಳಿಯುವುದು ಇದರ ಲಕ್ಷಣಗಳು. ಮಲದಲ್ಲಿ ಕಾಣುವ ರಕ್ತವನ್ನು ಮೂಲವ್ಯಾಧಿಯೆಂದೇ ಭಾವಿಸಿ ತಪಾಸಣೆಯನ್ನು ಮುಂದೂಡಬಾರದು.

2. ಸಂಕೇತಗಳ ಕಾರ್ಯವಿಧಾನ

ರಕ್ತದಲ್ಲಿರುವ ‘ಟಿ’ ಕೋಶಗಳು ವಿಕೃತ ಕೋಶಗಳನ್ನು ಗುರುತಿಸಿ ನಾಶಪಡಿಸುತ್ತವೆ. ಈ ದಾಳಿ ಮಿತಿಮೀರದಂತೆ ತಡೆಯಲು ಅವುಗಳ ಮೇಲ್ಮೈಯಲ್ಲಿ ‘ಪಿಡಿ-1’ ಎಂಬ ಪ್ರೋಟೀನು ಇರುತ್ತದೆ. ಗೆಡ್ಡೆಯ ಕೋಶಗಳು ಮತ್ತು ಅವುಗಳ ಸುತ್ತಲಿನ ಕೆಲವು ಕೋಶಗಳು ‘ಪಿಡಿ-ಎಲ್1’ ಎಂಬ ಪ್ರೋಟೀನನ್ನು ಹೊರತೋರಿದಾಗ ಎರಡೂ ಕೂಡಿಕೊಂಡು, ‘ಟಿ’ ಕೋಶಕ್ಕೆ ದಾಳಿ ನಿಲ್ಲಿಸುವ ಸಂಕೇತ ತಲಪುತ್ತದೆ. ಈ ಜೋಡಣೆಯನ್ನು ತಡೆಯುವ ಪೆಂಬ್ರೊಲಿಝುಮಾಬ್ ಮುಂತಾದ ಔಷಧಗಳಿಗೆ ಇಮ್ಯುನೋಥೆರಪಿ ಔಷಧಗಳೆನ್ನುತ್ತಾರೆ. ಇಂತಹ ಚಿಕಿತ್ಸೆಗೆ ತಳಹದಿಯಾದ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

3. ಯಾರಿಗೆ ಪ್ರಯೋಜನಕಾರಿ?

ಈ ಔಷಧವು ಎಲ್ಲ ರೋಗಿಗಳಿಗೂ ಫಲಕಾರಿಯಲ್ಲ. ಡಿಎನ್‌ಎ ದೋಷಗಳನ್ನು ಸರಿಪಡಿಸುವ ವ್ಯವಸ್ಥೆ ಕೆಟ್ಟಿರುವ ಗೆಡ್ಡೆಗಳಲ್ಲಿ ಅಸಹಜ ಪ್ರೋಟೀನುಗಳು ಹೆಚ್ಚಿರುವುದರಿಂದ ‘ಟಿ’ ಕೋಶಗಳು ಅವನ್ನು ಸುಲಭವಾಗಿ ಗುರುತಿಸುತ್ತವೆ. ಔಷಧದ ಪರಿಣಾಮ ಮುಖ್ಯವಾಗಿ ಇಂತಹ ಗೆಡ್ಡೆಗಳಲ್ಲಿ ಕಂಡುಬರುತ್ತದೆ. ಇವುಗಳ ಪ್ರಮಾಣ ಒಟ್ಟು ಪ್ರಕರಣಗಳಲ್ಲಿ ಸುಮಾರು ಶೇ. 15, ಇತರ ಅಂಗಗಳಿಗೆ ಹರಡಿದ ಹಂತದಲ್ಲಿ ಸುಮಾರು ಶೇ. 5. ಬಯಾಪ್ಸಿ ತುಣುಕಿನಲ್ಲಿ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6 ಮತ್ತು ಪಿಎಂಎಸ್2 ಎಂಬ ನಾಲ್ಕು ಪ್ರೋಟೀನುಗಳನ್ನು ಪರೀಕ್ಷಿಸಿ ಇದನ್ನು ನಿರ್ಧರಿಸಲಾಗುತ್ತದೆ. ಆದುದರಿಂದ ದುಬಾರಿ ಔಷಧಕ್ಕಾಗಿ ಸಾಲ ಮಾಡುವ ಮುನ್ನ ಈ ಪರೀಕ್ಷೆಯ ಫಲಿತಾಂಶವನ್ನು ವೈದ್ಯರಲ್ಲಿ ಕೇಳಿ ತಿಳಿಯತಕ್ಕದ್ದು. ಈ ದೋಷವು ಕೆಲವರಲ್ಲಿ ವಂಶಪಾರಂಪರ್ಯವಾಗಿರುವುದರಿಂದ (ಲಿಂಚ್ ಸಿಂಡ್ರೋಮ್) ರಕ್ತಸಂಬಂಧಿಗಳಿಗೂ ತಪಾಸಣೆ ಬೇಕಾಗಬಹುದು.

4. ಸೇವೆ ಪಡೆಯುವ ವಿಧಾನ

ಅ) ಲಕ್ಷಣಗಳಿದ್ದವರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬೇಕು.

ಆ) ಹೆಚ್ಚಿನ ಚಿಕಿತ್ಸೆ ಅಗತ್ಯವಿದ್ದಲ್ಲಿ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಅಥವಾ ನೋಂದಾಯಿತ ಆಸ್ಪತ್ರೆಗೆ ತೆರಳಬಹುದು.

ಇ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯಕ್ಕೆ ಆಧಾರ್ ಮತ್ತು ಪಡಿತರ ಚೀಟಿಯನ್ನು ತರತಕ್ಕದ್ದು.

ಈ) ವೈದ್ಯರು ಸೂಚಿಸಿದ ಔಷಧವು ಯೋಜನೆಯಡಿ ಸೇರಿದೆಯೇ ಎಂಬುದನ್ನು ಚಿಕಿತ್ಸೆಗೆ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಬಯಾಪ್ಸಿ ವರದಿಯ ಮೂಲಪ್ರತಿಯನ್ನು ರೋಗಿಯೇ ಜೋಪಾನವಾಗಿ ಇರಿಸಿಕೊಳ್ಳುವುದು. ಮುಂದಿನ ಪ್ರತಿ ಹಂತದಲ್ಲಿಯೂ ಅದು ಬೇಕಾಗುತ್ತದೆ.