ಮಣ್ಣಿನ ಕಮಾನಿನ ಕೆಳಗೆ ಮೂರು ತಲೆಮಾರು

ಈಜಿಪ್ಟಿನ ಲಕ್ಸರ್ ಪಟ್ಟಣದ ಎದುರು, ನೈಲ್ ನದಿಯ ಪಶ್ಚಿಮ ದಡದ ಬೋಳು ಗುಡ್ಡದ ಮೇಲೆ ಗುರ್ನಾ ಎಂಬ ಹಳ್ಳಿಯಿತ್ತು. ಅಲ್ಲಿನ ಸುಮಾರು 7,000 ಜನ ಫರೋಗಳ ಕಾಲದ ಅಧಿಕಾರಿಗಳ ಗೋರಿಗಳ ಮೇಲೆಯೇ ಮನೆ ಕಟ್ಟಿಕೊಂಡಿದ್ದರು. ಗೋರಿಗಳಲ್ಲಿ ಸಿಕ್ಕಿದ್ದನ್ನು ಮಾರಿ ಬದುಕುವವರೂ ಅವರಲ್ಲಿದ್ದರು. ಒಂದು ಗೋರಿಯಿಂದ ಬಂಡೆಯ ಕೆತ್ತನೆಯೊಂದನ್ನು ಇಡಿಯಾಗಿ ಕಡಿದು ಸಾಗಿಸಿದಾಗ ಸರಕಾರ ಎಚ್ಚೆತ್ತಿತು. ಊರನ್ನೇ ಕೆಳಗಿನ ಬಯಲಿಗೆ ಸಾಗಿಸಬೇಕೆಂದು ತೀರ್ಮಾನವಾಯಿತು. ಹೊಸ ಊರು ಕಟ್ಟುವ ಹೊಣೆ 1945ರಲ್ಲಿ ಹಸನ್ ಫತ್ಹಿಯವರ ಪಾಲಿಗೆ ಬಂತು.

ಫತ್ಹಿ 1900ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದವರು. ಕೈರೋದಲ್ಲಿ ವಾಸ್ತುಶಿಲ್ಪ ಕಲಿತವರು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಕಬ್ಬಿಣ, ಮರ ಎರಡೂ ದುರ್ಲಭವಾದಾಗ ಅವರು ಹಸಿ ಇಟ್ಟಿಗೆಯತ್ತ ತಿರುಗಿದರು. ಗೋಡೆಯೇನೋ ಎದ್ದಿತು, ಮಾಡಿನದೇ ಸಮಸ್ಯೆ. ನಮ್ಮ ಕಲಬುರಗಿ, ರಾಯಚೂರು ಕಡೆಯ ಮಣ್ಣಿನ ಮಾಳಿಗೆಗೂ ಅಡಿಯಲ್ಲಿ ಮರದ ತೊಲೆ, ಜಂತಿ ಬೇಕೇ ಬೇಕಲ್ಲ? ಫತ್ಹಿ ಕಟ್ಟಿಸಿದ ಮೊದಲ ಕಮಾನುಗಳು ಕುಸಿದು ಬಿದ್ದವು. ಮರದ ಆಸರೆಯಿಲ್ಲದೆ ಕಮಾನು ಕಟ್ಟುವವರು ನ್ಯೂಬಿಯಾದಲ್ಲಿದ್ದಾರೆಂದು ಅವರ ಅಣ್ಣ ಹೇಳಿದರು. 1941ರಲ್ಲಿ ಆಸ್ವಾನ್‌ಗೆ ಹೋದ ಫತ್ಹಿ ಬೆರಗಾದರು. ಅಲ್ಲಿನ ಗಾರೆಯವರು ಹಿಂದಿನ ಗೋಡೆಗೆ ಮೊದಲ ಸಾಲನ್ನು ವಾಲಿಸಿ ಕೂರಿಸುತ್ತಿದ್ದರು. ಪ್ರತಿ ಸಾಲೂ ಹಿಂದಿನದಕ್ಕೆ ಒರಗಿಕೊಂಡು ನಿಲ್ಲುತ್ತಿತ್ತು. ಹಗುರವಾಗಲೆಂದು ಇಟ್ಟಿಗೆಯಲ್ಲಿ ಹುಲ್ಲನ್ನು ತುಸು ಹೆಚ್ಚೇ ಬೆರೆಸಿದ್ದರು. ಇಬ್ಬರು ಸೇರಿದರೆ ಒಂದೂವರೆ ದಿನದಲ್ಲಿ ಒಂದು ಕೋಣೆಗೆ ಮಾಡು ಸಿದ್ಧ! ಇದೇನೂ ಹೊಸ ವಿದ್ಯೆಯಲ್ಲ. ಗುರ್ನಾದ ಪಕ್ಕದಲ್ಲೇ ಇರುವ ರಮೆಸ್ಸಿಯಂ ದೇಗುಲದ ಕಣಜಗಳ ಮೇಲೆ ಇಂಥದೇ ಮಣ್ಣಿನ ಕಮಾನುಗಳು 3,200 ವರ್ಷಗಳಿಂದ ನಿಂತಿವೆ.

ಸೆಕೆಯ ನಾಡಿನಲ್ಲಿ ಮನೆ ಹೇಗಿರಬೇಕೆಂಬುದನ್ನು ಫತ್ಹಿ ಹಳೆಯ ಕೈರೋದ ಮನೆಗಳಿಂದಲೂ ಕಲಿತರು. ಅಲ್ಲಿ 1648ರಲ್ಲಿ ಕಟ್ಟಿದ ಸುಹೈಮಿ ಮನೆ ಇಂದಿಗೂ ಇದೆ. ಅದಕ್ಕೆ ಎರಡು ಅಂಗಳ. ಹಿಂದಿನದು ದೊಡ್ಡದು, ಬಿಸಿಲಿಗೆ ಬೇಗ ಕಾಯುತ್ತದೆ. ಅಲ್ಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಆಗ ಮುಂದಿನ ನೆರಳಿನ ಚಿಕ್ಕ ಅಂಗಳದ ತಂಪು ಗಾಳಿ ನಡುವಿನ ತೆರೆದ ಪಡಸಾಲೆಯ ಮೂಲಕ ಅತ್ತ ಹರಿಯುತ್ತದೆ. ಪಡಸಾಲೆಯಲ್ಲಿ ಕುಳಿತವರಿಗೆ ಬೀಸಣಿಗೆಯೇ ಬೇಡ. ಇನ್ನೊಂದು ಉಪಾಯ ‘ಮಲ್ಕಫ್’, ಎಂದರೆ ಗಾಳಿಗೋಪುರ. ಮಾಡಿನ ಮೇಲೆದ್ದು ಉತ್ತರದ ಗಾಳಿಗೆ ಬಾಯಿ ತೆರೆದು, ಅದನ್ನು ಹಿಡಿದು ಒಳಕ್ಕೆ ಇಳಿಸುವಂಥದು. ಹೊಸ ಗುರ್ನಾದ ಶಾಲೆಯಲ್ಲಿ ಫತ್ಹಿ ಈ ಗೋಪುರದೊಳಗೆ ಒದ್ದೆ ಇದ್ದಿಲಿನ ತಟ್ಟೆ ಇರಿಸಿದರು. ಅದರ ಮೇಲೆ ಹಾದುಬಂದ ಗಾಳಿ 10 ಡಿಗ್ರಿಯಷ್ಟು ತಣಿಯಿತೆಂದು ಬರೆದಿದ್ದಾರೆ.

ಇದು ಬರೀ ಹಳೆಯದರ ವ್ಯಾಮೋಹವಲ್ಲ. 1964ರಲ್ಲಿ ಕೈರೋದಲ್ಲಿ ಎರಡು ಮಾದರಿ ಕಟ್ಟಡಗಳನ್ನು ಅಕ್ಕಪಕ್ಕ ನಿಲ್ಲಿಸಿ ಅಳೆದು ನೋಡಿದರು. ಅರ್ಧ ಮೀಟರ್ ದಪ್ಪದ ಮಣ್ಣಿನ ಮನೆಯೊಳಗೆ ಇಡೀ ದಿನ 21ರಿಂದ 23 ಡಿಗ್ರಿ ಸೆಲ್ಸಿಯಸ್. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಮನೆಯೊಳಗೆ 36 ಡಿಗ್ರಿ. ಹೊರಗಿನ ಬಯಲಿಗಿಂತಲೂ 9 ಡಿಗ್ರಿ ಹೆಚ್ಚು!

ಆದರೆ ಮನೆಯೆಂದರೆ ಬರೀ ಗೋಡೆ ಮಾಡುಗಳಲ್ಲ ಎಂಬುದು ಫತ್ಹಿಗೆ ಗೊತ್ತಿತ್ತು. ಗುರ್ನಾದಲ್ಲಿ ಅಜ್ಜ, ಮಕ್ಕಳು, ಮೊಮ್ಮಕ್ಕಳು, ದಾಯಾದಿಗಳು ಒತ್ತೊತ್ತಾಗಿ ಬಾಳುತ್ತಿದ್ದರು. ಹತ್ತಿಪ್ಪತ್ತು ಕುಟುಂಬಗಳ ಈ ಬಳಗಕ್ಕೆ ‘ಬದನ’ ಎಂದು ಹೆಸರು. ಹಿರಿಯನೊಬ್ಬನ ಮಾತಿಗೆ ಎಲ್ಲರೂ ತಲೆಬಾಗುವರು. ಫತ್ಹಿ ಪ್ರತಿ ಬದನಕ್ಕೂ ಒಂದು ಚಿಕ್ಕ ಚೌಕ ಬಿಟ್ಟು, ಸುತ್ತಲೂ ಮನೆಗಳನ್ನು ಜೋಡಿಸಿದರು. ಮದುವೆ, ಅತಿಥಿ ಸತ್ಕಾರ ಎಲ್ಲಕ್ಕೂ ಆ ಚೌಕವೇ ಅಂಗಳ. ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರಬಾರದು ಎಂಬುದು ಅವರ ಹಟ.

ಹಾಗಿದ್ದೂ ಒಂದು ಕೊರತೆ ಉಳಿಯಿತು. ಮನೆಯಲ್ಲಿ ಹೆಚ್ಚು ಹೊತ್ತು ಕಳೆಯುವವರು ಹೆಂಗಸರು. ಅವರೊಡನೆ ಮಾತಾಡಲು ತನಗೆ ಸಾಧ್ಯವಾಗಲಿಲ್ಲವೆಂದು ಫತ್ಹಿಯವರೇ ಒಪ್ಪಿಕೊಂಡಿದ್ದಾರೆ. ಮನೆಮನೆಗೆ ನಲ್ಲಿ ಹಾಕಲು ಅವರಿಗೆ ಅಳುಕಿತ್ತು. ನೀರಿಗೆ ಹೋಗುವ ಹುಡುಗಿಯನ್ನು ಹುಡುಗರು ಕಾಣುವ ಅವಕಾಶ ತಪ್ಪುತ್ತದಂತೆ! ಕೊಡ ಹೊತ್ತವರನ್ನೇ ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತೇನೋ.

ಗುಡ್ಡದ ಜನ ಇಳಿದು ಬರಲಿಲ್ಲ. ಅವರ ಅನ್ನ ಗೋರಿಗಳ ಬಳಿಯಿತ್ತು. ಗುಮ್ಮಟವೆಂದರೆ ಸತ್ತವರ ಗೋರಿ, ಬದುಕಿರುವವರ ಮನೆಗಲ್ಲ ಎಂಬ ಭಾವನೆಯೂ ಇತ್ತೆನ್ನುತ್ತಾರೆ. ಯಾರೋ ಒಡ್ಡು ಒಡೆದು ಹೊಸ ಊರಿಗೆ ನೀರು ನುಗ್ಗಿಸಿದರು. ಇತ್ತ ಸರಕಾರಿ ಕಚೇರಿಗಳ ಅಡ್ಡಿ ಆತಂಕಗಳೂ ಸೇರಿ, ಯೋಜನೆಯ ಐದನೆಯ ಒಂದು ಪಾಲು ಮುಗಿಯುವಷ್ಟರಲ್ಲಿ ಕೆಲಸ ನಿಂತಿತು. ಈ ಕತೆಯನ್ನು ಫತ್ಹಿ 1969ರಲ್ಲಿ ಪುಸ್ತಕವಾಗಿ ಬರೆದರು. ಅದು ಜಗತ್ತಿನಾದ್ಯಂತ ಓದುಗರನ್ನು ಪಡೆಯಿತು. 1989ರಲ್ಲಿ ಅವರು ತೀರಿಕೊಂಡರು.

ಮುಂದೆ ಬೇರೆ ಬೇರೆ ಕುಟುಂಬಗಳು ಬಂದು ಆ ಮನೆಗಳಲ್ಲಿ ನೆಲೆಸಿದವು. ಅಂತರ್ಜಲ ಮೇಲೇರಿ, ಉಪ್ಪಿನಿಂದ ಗೋಡೆಗಳ ಬುಡ ಉದುರತೊಡಗಿತು. ಅದಕ್ಕಿಂತ ದೊಡ್ಡ ಪ್ರಶ್ನೆ ಮಗನ ಮದುವೆಯದಾಗಿತ್ತು. ಮದುಮಗನಿಗೊಂದು ಕೋಣೆ ಬೇಕು. ಸುತ್ತ ಜಾಗವಿಲ್ಲ, ಮೇಲೇರೋಣವೆಂದರೆ ಮಣ್ಣಿನ ಗುಮ್ಮಟದ ಮೇಲೆ ಮಹಡಿ ನಿಲ್ಲದು. ಹೀಗೆ ಗುಮ್ಮಟಗಳು ಇಳಿದವು, ಕಾಂಕ್ರೀಟಿನ ಚಪ್ಪಡಿಗಳು ಏರಿದವು. ಬದನವನ್ನು ಒಟ್ಟಿಗೆ ಇರಿಸಲು ಕಟ್ಟಿದ ಮನೆಯನ್ನು, ಒಟ್ಟಿಗೆ ಇರಬೇಕೆಂದೇ ಜನ ಕೆಡವಿದರು. ಅವರನ್ನು ದೂರುವವರು ಆ ಮನೆಯಲ್ಲಿ ಎರಡನೆಯ ಸೊಸೆಗೆ ಎಲ್ಲಿ ಜಾಗ ಮಾಡುತ್ತಿದ್ದರೆಂದು ಹೇಳಬೇಕು.

ಗುಡ್ಡದ ಮೇಲಿನ ಹಳೆಯ ಗುರ್ನಾವನ್ನು 2006ರ ಕೊನೆಯಿಂದ ಸರಕಾರ ಕೆಡವಿಸತೊಡಗಿ, ಜನರನ್ನು ಬೇರೆಡೆಯ ಹೊಸ ಬಡಾವಣೆಗೆ ಸಾಗಿಸಿತು. ಫತ್ಹಿಯವರ ಊರನ್ನು ಉಳಿಸಲು ಯುನೆಸ್ಕೋ ಕೈಹಾಕಿತು. ಅವರು ಕಟ್ಟಿಸಿದ ಮಸೀದಿಯ ಮಣ್ಣಿನ ಗುಮ್ಮಟ ಮಾತ್ರ ಈಗಲೂ ಅಲ್ಲಿದೆ. ಅದರ ಮೇಲೆ ಮಹಡಿ ಕಟ್ಟುವ ಅಗತ್ಯ ಯಾರಿಗೂ ಬರಲಿಲ್ಲ.